ಎಂಟಡಿ ಓಣಿಯ ಎಣಿಕೆ

ಫೆಬ್ರವರಿ 3, ಮಂಗಳವಾರ

ನಾಲ್ಕು ಗಂಟೆ ನಲವತ್ತೈದು ನಿಮಿಷ. ಖಣ್!

ಓಣಿಯ ಬಾಯಲ್ಲಿ ಬೈಕು ನುಗ್ಗದಿರಲೆಂದು ಪಾಲಿಕೆಯವರು ನೆಟ್ಟ ಕಬ್ಬಿಣದ ಕಂಬಕ್ಕೆ ಯಾರದೋ ಬಕೆಟ್ಟು ಬಡಿದ ಸದ್ದು. ಪುಟ್ಟಿ ಮಲಗಿ ಸರಿಯಾಗಿ ಐವತ್ತು ನಿಮಿಷವಾಗಿತ್ತು. ಕಣ್ಣು ಬಿಟ್ಟಳು, ಬಾಯಿ ಬಿಟ್ಟಳು, ಮನೆಯೆಲ್ಲ ಎದ್ದು ಕೂತಿತು. ಇವರೊಬ್ಬರನ್ನು ಬಿಟ್ಟು. ನನ್ನ ಗಂಡನ ಕಿವಿ ರಾತ್ರಿ ಹತ್ತಕ್ಕೆ ಬಾಗಿಲು ಹಾಕಿಕೊಂಡರೆ ತೆರೆಯುವುದು ಏಳಕ್ಕೆ.

ಈ ಪುಸ್ತಕ ಕ್ಲಿನಿಕ್ಕಿನ ನರ್ಸ್ ಕೊಟ್ಟದ್ದು. ಮೂರು ತಿಂಗಳಾದರೂ ಮಗುವಿನ ತೂಕ ಏರುತ್ತಿಲ್ಲ. ಹಾಗಾಗಿ ಬಲಪುಟದಲ್ಲಿ ಹಾಲು ಕುಡಿದ ಹೊತ್ತು, ಎಡವೋ ಬಲವೋ, ಎಷ್ಟು ನಿಮಿಷ, ಎಲ್ಲ ಬರೆಯಬೇಕು. "ಅಂದಾಜು ಬೇಡಮ್ಮಾ, ಗಡಿಯಾರ ನೋಡಿ ಬರೀಬೇಕು" ಎಂದಿದ್ದಾಳೆ. ಎಡಪುಟ ಖಾಲಿ. ಅದು ನನ್ನದು. ಇಲ್ಲಿ ಏನು ಬರೆದರೂ ಯಾರೂ ತೂಗಿ ನೋಡುವುದಿಲ್ಲ.

ಬಕೆಟ್ಟಿನವನು ಯಾರು? ಆ ಹೊತ್ತಿನಲ್ಲಿ ಕತ್ತಲ ಕೆರೆಯ ಕಡೆ ಬಕೆಟ್ಟು ಹಿಡಿದು ಹೋಗುವವನಿಗೆ ಒಳ್ಳೆಯ ಕೆಲಸ ಏನಿರುತ್ತದೆ? ನಮ್ಮ ಮಲಗುವ ಕೋಣೆಗೂ ಓಣಿಗೂ ನಡುವೆ ಒಂದು ಗೋಡೆ ಮಾತ್ರ, ಅದರಲ್ಲೇ ಕಿಟಕಿ. ಕಿಟಕಿಯ ಚಿಲಕ ಮೂರು ಸಲ ನೋಡಿದೆ.

ಫೆಬ್ರವರಿ 6, ಶುಕ್ರವಾರ

ಇವತ್ತು ನಾನೊಂದು ಪತ್ರ ಬರೆದೆ. ಎಷ್ಟು ಚೆನ್ನಾಗಿ ಬಂತೆಂದರೆ, ಕಾಲೇಜಿನಲ್ಲಿ ಪ್ರಬಂಧಕ್ಕೆ ಬಹುಮಾನ ತೆಗೆದುಕೊಂಡ ಹುಡುಗಿ ಇನ್ನೂ ಸತ್ತಿಲ್ಲ ಅನ್ನಿಸಿತು.

ವಿಷಯ ಇಷ್ಟು. ಕೆರೆಯ ಸುತ್ತ ಮನೆಗಳ ಬಡಾವಣೆ ಮಾಡಿದಾಗ, ಜನ ಕೆರೆಗೆ ಹೋಗಿ ಬರಲೆಂದು ಮನೆಗಳ ನಡುವೆ ಹನ್ನೊಂದು ಓಣಿ ಬಿಟ್ಟಿದ್ದರಂತೆ. ಎಂಟೆಂಟು ಅಡಿ ಅಗಲ. ಈಗ ಪಾಲಿಕೆಗೆ ಅವುಗಳ ಕಸ ತೆಗೆಯುವುದು, ದೀಪ ಹಾಕುವುದು ಎಲ್ಲ ತಲೆನೋವು. ಯಾರೂ ಓಡಾಡದ ಓಣಿಗಳನ್ನು ಅಕ್ಕಪಕ್ಕದ ಮನೆಯವರಿಗೇ ಬಿಟ್ಟುಕೊಡುತ್ತಾರಂತೆ, ಅರ್ಧ ಇವರಿಗೆ, ಅರ್ಧ ಅವರಿಗೆ. ಪಕ್ಕದ ಮನೆಯವರು ಆಗಲೇ ಕಾರು ನಿಲ್ಲಿಸುವ ಲೆಕ್ಕದಲ್ಲಿದ್ದಾರೆ. ನಮಗೆ ಬರುವ ನಾಲ್ಕಡಿಯನ್ನು ಇವರು ಹೆಜ್ಜೆ ಹಾಕಿ ಅಳೆದೂ ಆಯಿತು.

"ಗೋಡೆ ಆಚೆಗೆ ಸರಿಸಿದ್ರೆ ಪುಟ್ಟಿಗೊಂದು ರೂಮು. ಅಮ್ಮನ ಹೊಲಿಗೆ ಮಿಷನ್ನಿಗೂ ಜಾಗ. ನೀನೊಂದು ದೂರು ಬರಿ, ನಿನ್ನ ಭಾಷೆ ಚೆನ್ನಾಗಿದೆ" ಎಂದರು.

ಬರೆದೆ. "ಈ ಓಣಿಯಿಂದಾಗಿ ಹಸುಗೂಸಿರುವ ಮನೆಗೆ ನಿದ್ರೆಯಿಲ್ಲ. ಇದರಿಂದ ಯಾರಿಗೂ ಯಾವ ಪ್ರಯೋಜನವೂ ಇದ್ದಂತೆ ಕಾಣುವುದಿಲ್ಲ." ಇವರು ಅದನ್ನು ನಿಂತುಕೊಂಡು ಜೋರಾಗಿ ಓದಿದರು. ಅತ್ತೆ ಕನ್ನಡಕ ಮೇಲಕ್ಕೆ ತಳ್ಳಿ, "ಓದಿಸಿದ್ದಕ್ಕೆ ನಿಮ್ಮಪ್ಪನಿಗೆ ಇವತ್ತು ಬಡ್ಡಿ ಬಂತು ಬಿಡು" ಎಂದರು. ಹೊಗಳಿಕೆಯೋ ಚುಚ್ಚೋ, ಅವರ ಮಾತಿನಲ್ಲಿ ಎರಡೂ ಒಂದೇ ಡಬ್ಬಿಯಲ್ಲಿರುತ್ತವೆ.

ನಾಳೆಯಿಂದ ಓಣಿಯಲ್ಲಿ ಯಾರು ಯಾವಾಗ ಹೋಗುತ್ತಾರೆಂದು ಇಲ್ಲೇ ಗುರುತು ಹಾಕುತ್ತೇನೆ. ಹೇಗೂ ಗಡಿಯಾರ ನೋಡುವುದೇ ನನ್ನ ಕೆಲಸ. ಕಳ್ಳತನವಾದರೆ ಸಾಕ್ಷಿಗಾದರೂ ಬೇಕಲ್ಲ.

ಫೆಬ್ರವರಿ 8, ಭಾನುವಾರ

ಅತ್ತೆ ಪಕ್ಕದ ಮನೆಯವರ ಎದುರಿಗೇ, "ಇವಳಿಗೆ ಹಾಲಿಗಿಂತ ಯೋಚನೆ ಜಾಸ್ತಿ ಬರುತ್ತೆ" ಎಂದರು. ಇವರು ನಕ್ಕರು. ಆ ನಗು ಮರೆಯುವುದಿಲ್ಲ. ಅತ್ತೆಯ ನಾಲಿಗೆಯನ್ನು ಅವರ ಮಿಷನ್ನಿಗೇ ಕೊಟ್ಟು ಹೊಲಿಸಬೇಕು.

ಫೆಬ್ರವರಿ 11, ಬುಧವಾರ

ಓಣಿಯವರಿಗೆಲ್ಲ ಹೆಸರಿಟ್ಟಿದ್ದೇನೆ. ಮುಖ ಕಂಡಿಲ್ಲ, ಸದ್ದು ಮಾತ್ರ.

4:45, ಖಣ್ಣಪ್ಪ. ದಿನವೂ ಅದೇ ಕಂಬ, ಅದೇ ಬಕೆಟ್ಟು. ಮನುಷ್ಯನಿಗೆ ಅಂದಾಜು ಅನ್ನುವುದೇ ಇಲ್ಲವೇ?

5:05, ಕೆಮ್ಮಿನ ತಾತ. ಮೂರು ಕೆಮ್ಮು, ಒಂದು ನಿಲುಗಡೆ, ಮತ್ತೆ ಒಂದು.

5:20, ನಗೆಜೋಡಿ. ಇಬ್ಬರು ಹೆಂಗಸರು. ಹೋಗುವಾಗ ಪಿಸುಪಿಸು, ಬರುವಾಗ ಕಿಲಕಿಲ. ಬರುವಾಗ ಚಪ್ಪಲಿ ಪಚಕ್ ಪಚಕ್ ಅನ್ನುತ್ತದೆ. ನೀರಿಗಿಳಿಯುತ್ತಾರೆ ಅಂತಾಯಿತು.

5:40ರಿಂದ ಆರೂವರೆ, ಗುಂಪು. ಹದಿನೈದರ ಮೇಲೆ. ಏಳಕ್ಕೆಲ್ಲ ಓಣಿ ಖಾಲಿ.

ಇವತ್ತಿನ ಒಟ್ಟು ಇಪ್ಪತ್ತೆರಡು. ಬಲಪುಟದಲ್ಲಿ ಆರು ಸಲ ಹಾಲು.

ಫೆಬ್ರವರಿ 12, ಗುರುವಾರ

ಕ್ಲಿನಿಕ್. ತೂಕ ಹೋದ ವಾರದಷ್ಟೇ. ಬರೆಯಲು ಮನಸ್ಸಿಲ್ಲ. ಓಣಿ: ಹತ್ತೊಂಬತ್ತು.

ಫೆಬ್ರವರಿ 17, ಮಂಗಳವಾರ

ಪಾಲಿಕೆಯಿಂದ ಎಣಿಸುವವನೊಬ್ಬ ಬಂದಿದ್ದ. ಮಡಿಚುವ ಕುರ್ಚಿ, ಒಂದು ಹಲಗೆ, ಅದಕ್ಕೆ ಸಿಕ್ಕಿಸಿದ ಹಾಳೆ. ನಿನ್ನೆಯಿಂದ ಬರುತ್ತಿದ್ದಾನೆ, ನಾಳೆ ಕೊನೆಯಂತೆ. ನಮ್ಮ ಗೋಡೆಯ ನೆರಳಲ್ಲಿ ಹನ್ನೊಂದರಿಂದ ನಾಲ್ಕರವರೆಗೆ ಕೂತು ತೂಕಡಿಸಿದ. ಅತ್ತೆ ನೀರು ಕೊಟ್ಟು ವಿಚಾರಿಸಿದರು.

"ಎಷ್ಟು ಜನ ಆಯ್ತಪ್ಪಾ?"

"ಸೊನ್ನೆ ಅಜ್ಜಿ. ಒಂದು ನಾಯಿ ಹೋಯ್ತು."

"ನಾಯೀನೂ ಬರ್ಕೊ. ಪಾಪ, ಅದಾದ್ರೂ ನಡೀತು."

"ನಾಯಿಗೆ ಕಾಲಂ ಇಲ್ಲ ಅಜ್ಜಿ."

ನನಗೆ ತಡೆಯಲಾಗಲಿಲ್ಲ. ಮಗುವನ್ನು ಹೆಗಲಿಗೆ ಹಾಕಿಕೊಂಡು ಹೊರಗೆ ಬಂದು, "ಬೆಳಿಗ್ಗೆ ನಾಲ್ಕೂಮುಕ್ಕಾಲಿಗೆ ಬನ್ನಿ, ಗಲಾಟೆ ಏನಂತ ಗೊತ್ತಾಗುತ್ತೆ" ಎಂದೆ. ಅವನು ಕುರ್ಚಿ ಮಡಿಚುತ್ತ, "ನನ್ನ ಡ್ಯೂಟಿ ಶುರುವಾಗೋದೇ ಹನ್ನೊಂದಕ್ಕೆ ಅಕ್ಕಾ" ಎಂದ.

ಒಳಗೆ ಬಂದು ಪುಸ್ತಕ ತಿರುವಿದೆ. ಇವತ್ತು ಬೆಳಗಿನ ಜಾವ ಇಪ್ಪತ್ತಮೂರು. ನಾನು ಕೂತ ಕುರ್ಚಿಗೆ ನೆರಳೂ ಇಲ್ಲ, ಸಂಬಳವೂ ಇಲ್ಲ. ಆದರೂ ಅವನಿಗಿಂತ ಚೆನ್ನಾಗಿ ಎಣಿಸಿದ್ದೇನೆ.

ಫೆಬ್ರವರಿ 20, ಶುಕ್ರವಾರ

4:45 ಆಯಿತು. 4:50. ಐದು. ಖಣ್ ಇಲ್ಲ.

ಪುಟ್ಟಿ ಗಾಢ ನಿದ್ರೆಯಲ್ಲಿದ್ದಳು. ನಾನು ಮಾತ್ರ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಿಟಕಿ ಬಳಿ ನಿಂತೆ. ಕೆರೆಯಲ್ಲಿ ಏನಾದರೂ ಆಯಿತೋ? ನಿನ್ನೆ ಹೋಗಿದ್ದು ಬರೆದಿದ್ದೇನೆ, ಬಂದದ್ದೂ ಬರೆದಿದ್ದೇನೆ, 5:55. ಅಂದರೆ ಕೆರೆಯಲ್ಲ. ಹಾಗಾದರೆ ಜ್ವರವೋ? ಒಂದು ಬೆಳಿಗ್ಗೆ ನಿದ್ರೆ ಮಾಡಬಹುದಿತ್ತು, ಅದನ್ನೂ ಕಳೆದುಕೊಂಡೆ. ಬರಲಿ, ನಾಳೆ ಬಂದರೆ ಮುಖಕ್ಕೇ ಕೇಳುತ್ತೇನೆ.

ಫೆಬ್ರವರಿ 21, ಶನಿವಾರ

ಕೇಳಿದೆ! ಖಣ್ ಅಂದದ್ದೇ ಕಿಟಕಿ ತೆರೆದು, "ನಿನ್ನೆ ಯಾಕೆ ಬರಲಿಲ್ಲ?" ಎಂದುಬಿಟ್ಟೆ. ಬೈಯಬೇಕೆಂದು ಎದ್ದವಳು ನಾನು. ಬಾಯಿಗೆ ಬಂದದ್ದು ಇದು.

ಅವರು ಬೆಚ್ಚಿ ಇನ್ನೊಂದು ಸಲ ಕಂಬಕ್ಕೆ ಬಡಿದರು. ಕೋಣೆಯ ದೀಪದ ಬೆಳಕಿಗೆ ಕಂಡರು, ಐವತ್ತು ದಾಟಿದ ದೊಡ್ಡ ಆಳು. ಮುಂಗೈತನಕ ಸುಟ್ಟ ಕಲೆಗಳು. ಬೇಕರಿಯಲ್ಲಿ ರಾತ್ರಿಯೆಲ್ಲ ಓವನ್ ಮುಂದೆ ನಿಂತು ಬ್ರೆಡ್ ಬೇಯಿಸುವವರಂತೆ.

"ನಿನ್ನೆ ಓವನ್ ಕೆಟ್ಟಿತ್ತು ತಾಯೀ, ರಜ. ಯಾಕೆ, ಏನಾದ್ರೂ ಬೇಕಿತ್ತಾ?"

"ಬಕೆಟ್ಟಲ್ಲಿ ಏನಿದೆ?"

"ಒಗೆದ ಬಟ್ಟೆ. ಕೆಲಸ ಮುಗಿದ ಮೇಲೆ ಮೈಯೆಲ್ಲ ಕೆಂಡ. ಹೋಗಿ ಕುತ್ತಿಗೆ ತನಕ ನೀರಲ್ಲಿ ಕೂರ್ತೀನಿ. ಆಮೇಲೆ ಬಟ್ಟೆ ಹಾಕ್ಕೊಂಡು ಮನೆಗೆ ಹೋಗಿ ಮನುಷ್ಯನ ಥರ ಮಲಗ್ತೀನಿ." ಅಷ್ಟರಲ್ಲಿ ಪುಟ್ಟಿ ಅತ್ತಳು. ಅವರ ಮುಖ ಸಣ್ಣದಾಯಿತು. "ಅಯ್ಯೋ, ಮಗು ಇದ್ಯಾ? ದಿನಾ ನನ್ನ ಬಕೆಟ್ಟಿಗೇ ಏಳ್ತಿತ್ತಾ? ಮೊದಲೇ ಒಂದು ಮಾತು ಹೇಳಬಾರದಿತ್ತಾ ತಾಯೀ?"

ಪಾಲಿಕೆಗೆ ಹೇಳಿದ್ದೆ. ಅವರಿಗೆ ಹೇಳಿರಲಿಲ್ಲ. ಅದನ್ನು ಹೇಗೆ ಹೇಳಲಿ? "ಪರವಾಗಿಲ್ಲ" ಎಂದೆ.

ಫೆಬ್ರವರಿ 22, ಭಾನುವಾರ

4:45. ಧಪ್. ಬಕೆಟ್ಟಿಗೆ ಗೋಣಿಬಟ್ಟೆ ಸುತ್ತಿದ್ದಾರೆ. ಪುಟ್ಟಿ ಏಳಲಿಲ್ಲ. ನಾನು ಎದ್ದೆ.

ಫೆಬ್ರವರಿ 24, ಮಂಗಳವಾರ

ಮೂರರಿಂದ ಪುಟ್ಟಿ ಒಂದೇ ಸಮನೆ ಅತ್ತಳು. ಎಡ ಬೇಡ, ಬಲ ಬೇಡ. ಗಂಡ ಒಂದು ಸಲ ಕಣ್ಣು ಬಿಟ್ಟು, "ಹಸಿವೇನೋ" ಎಂದು ಪತ್ತೆಹಚ್ಚಿ ಮತ್ತೆ ಮಲಗಿದರು. ಕೊನೆಗೆ ಮಗುವನ್ನು ಎತ್ತಿಕೊಂಡು ಮೆಟ್ಟಿಲ ಮೇಲೆ ಹೋಗಿ ಕೂತೆ. ನನಗೂ ಅಳು.

ನಗೆಜೋಡಿ ಬಂತು. ಅಕ್ಕತಂಗಿಯರು, ಆಫೀಸು ಕಟ್ಟಡಗಳ ನೆಲ ಒರೆಸುವವರು. ಅಕ್ಕನಿಗೆ ಮಂಡಿನೋವು. ದಿನಾ ನೀರಲ್ಲಿ ನಿಂತು ಹತ್ತು ಹೆಜ್ಜೆ ಹಾಕಿದರೆ ಆ ದಿನ ನಾಲ್ಕು ಮಹಡಿ ಹತ್ತಬಹುದಂತೆ.

ಅಕ್ಕ ಕೇಳಿದಳು, "ಯಾಕ್ ತಾಯೀ, ಇಬ್ಬರೂ ಸ್ಪರ್ಧೆ ಮೇಲೆ ಅಳ್ತಿದೀರಾ? ಬಾ ನಮ್ಮ ಜೊತೆ."

"ಕೆರೆಗಾ? ಮಗು ಇದೆ."

"ಮಗೂನೇನು ಈಜು ಅಂದ್ವಾ? ಬಾ, ಕಲ್ಲಿನ ಮೇಲೆ ಕೂತ್ಕೊ."

ಈ ಮನೆಗೆ ಬಂದು ಮೂರು ವರ್ಷ. ಕೆರೆ ನೋಡಿದ್ದು ಮಹಡಿಯಿಂದ ಮಾತ್ರ. ನೀರೆಂದರೆ ನನಗೆ ಮೊದಲು ಕಾಣುವುದು ಮುಳುಗುವುದು. ಓಣಿ ದಾಟಲು ಎಷ್ಟು ಹೆಜ್ಜೆ ಎಂದು ಎಣಿಸಿದೆ, ಅರವತ್ತೆಂಟು. ಭಯಕ್ಕೆ ಎಣಿಸಿದ್ದು. ಆಚೆ ಹೋದರೆ ಗೋಡೆಗಳೆಲ್ಲ ಒಮ್ಮೆಗೇ ಮುಗಿದವು. ಅಷ್ಟು ದೊಡ್ಡ ಜಾಗ ನಮ್ಮ ಹಾಸಿಗೆಯಿಂದ ಇಷ್ಟು ಹತ್ತಿರ ಇತ್ತೇ? ಖಣ್ಣಪ್ಪನವರ ತಲೆ ಮಾತ್ರ ನೀರ ಮೇಲೆ ಮಡಕೆಯ ಹಾಗೆ ಕೂತಿತ್ತು. ಕೆಮ್ಮಿನ ತಾತ ದಡದಲ್ಲಿ ಕೂತು ಕೆಮ್ಮದೆ ಉಸಿರಾಡುತ್ತಿದ್ದರು. ಸಣ್ಣ ಅಲೆ ಕಲ್ಲಿಗೆ ತಾಗಿ ಲೊಚಕ್ ಎನ್ನುತ್ತಿತ್ತು, ಪುಟ್ಟಿ ಹಾಲು ಕುಡಿಯುವಾಗಿನ ಸದ್ದೇ. ಅವಳು ಕಿವಿಗೊಟ್ಟಳು. ಅಳು ನಿಂತಿತು. ಬಲ, ಇಪ್ಪತ್ತೆರಡು ನಿಮಿಷ. ಇಪ್ಪತ್ತೆರಡು! ಆಮೇಲೆ ನನ್ನ ತೋಳಿನಲ್ಲೇ ಮಲಗಿದಳು, ಮನೆಗೆ ತಂದು ಮಲಗಿಸಿದರೂ ಏಳಲಿಲ್ಲ. ಮೂರು ಗಂಟೆ ನಿದ್ರೆ.

ಇವತ್ತಿನ ಒಟ್ಟು ಇಪ್ಪತ್ತನಾಲ್ಕು. ನಾವಿಬ್ಬರೂ ಸೇರಿ.

ಮಾರ್ಚ್ 2, ಸೋಮವಾರ

ಪಾಲಿಕೆಯ ನೋಟೀಸು ಬಂತು. ಅಚ್ಚಾದದ್ದು. ಮೂರನೆಯ ಸಾಲಿನಲ್ಲಿ ನನ್ನ ವಾಕ್ಯ! "ಇದರಿಂದ ಯಾರಿಗೂ ಯಾವ ಪ್ರಯೋಜನವೂ ಇದ್ದಂತೆ ಕಾಣುವುದಿಲ್ಲ." ಒಂದು ಅಕ್ಷರ ಬದಲಿಸಿಲ್ಲ. ನಿಜ ಹೇಳುತ್ತೇನೆ, ಅರ್ಧ ನಿಮಿಷ ಎದೆ ಉಬ್ಬಿತು. ಇವರು ಅದನ್ನು ಅಡುಗೆಮನೆಯ ಬಾಗಿಲಿಗೆ ಅಂಟಿಸಿದರು.

ಅದರ ಕೆಳಗಿನ ಸಾಲು: "ಮೂರು ದಿನದ ಎಣಿಕೆ: ಸೊನ್ನೆ." ಮಾರ್ಚ್ ಹತ್ತರಂದು ಬೆಳಿಗ್ಗೆ ಒಂಬತ್ತಕ್ಕೆ ಸಭೆ. ಹನ್ನೊಂದು ಓಣಿಗಳ ಪೈಕಿ ಮೊದಲು ಬಿಟ್ಟುಕೊಡುವುದು ನಮ್ಮದನ್ನೇ. ಉಳಿದವು ಇದನ್ನು ನೋಡಿಕೊಂಡು.

ಸೊನ್ನೆಯಂತೆ! ಮಂಡಿನೋವಿನ ಅಕ್ಕ ಸೊನ್ನೆಯೇ? ಮಗುವಿನ ನಿದ್ರೆಗೆಂದು ಬಕೆಟ್ಟಿಗೆ ಗೋಣಿ ಸುತ್ತಿದವರು ಸೊನ್ನೆಯೇ? ಅಲ್ಲೇ ನಿಂತು ಪುಸ್ತಕ ಕೂಡಿದೆ. ಫೆಬ್ರವರಿ ಏಳರಿಂದ ನಿನ್ನೆಯವರೆಗೆ ಇಪ್ಪತ್ತಮೂರು ಬೆಳಿಗ್ಗೆ, ನಾನೂರ ಎಂಬತ್ತೊಂದು ಜನ. ಎರಡು ಸಲ ಕೂಡಿದೆ. ಅಷ್ಟೇ ಬಂತು.

ಮಾರ್ಚ್ 5, ಗುರುವಾರ

ಬೆಳಿಗ್ಗೆ ಓವನ್ ಅಣ್ಣನಿಗೆ ಹೇಳಿದೆ, ದೂರು ಕೊಟ್ಟವಳು ನಾನೇ ಎಂದು. (ಇನ್ನು ಖಣ್ಣಪ್ಪ ಅನ್ನುವುದು ಸರಿಯಲ್ಲ.) ಅವರು ಒದ್ದೆ ತಲೆ ಒರೆಸಿ ಟವೆಲನ್ನು ಬಕೆಟ್ಟಿಗೆ ಹಾಕಿದರು.

"ನಿದ್ದೆ ಇಲ್ಲದವರು ಏನು ಮಾಡ್ತಾರೆ ತಾಯೀ. ನಾನಾಗಿದ್ರೆ ಕಲ್ಲು ಹೊಡೀತಿದ್ದೆ."

"ಇದು ಮುಚ್ಚಿದರೆ ನೀವು ಎಲ್ಲಿಗೆ ಹೋಗ್ತೀರಿ?"

"ಈ ಕಡೆ ನೀರಿಗೆ ಇಳಿಯೋಕೆ ಆಗೋದು ಇಲ್ಲೊಂದೇ. ಆಚೆ ದಡದ ಓಣಿಗೆ ಒಂದು ಗಂಟೆ ನಡಿಗೆ. ಅಷ್ಟೊತ್ತಿಗೆ ಬಸ್ಸೂ ಇಲ್ಲ. ಎಲ್ಲಿಗೂ ಹೋಗಲ್ಲ. ನಲ್ಲಿ ನೀರಲ್ಲಿ ಕೈ ತೊಳ್ಕೊಂಡು ಮಲಗ್ತೀನಿ, ಅಷ್ಟೆ."

ಅಷ್ಟೆ, ಎಂದರು. ಆ ಪದ ಇಡೀ ದಿನ ನನ್ನ ಹಿಂದೆಯೇ ಸುತ್ತಿತು.

ಸಂಜೆ ಇವರಿಗೆ ಹೇಳಿದೆ, ದೂರು ವಾಪಸ್ ತೆಗೆದುಕೊಳ್ಳುತ್ತೇನೆಂದು.

"ಬರೆದಿದ್ದು ನೀನೇ ಅಲ್ವೇನೇ?"

"ಬರೆಸಿದ್ದು ನೀವು."

"ಪುಟ್ಟಿ ರೂಮು?"

"ಪುಟ್ಟಿ ಇವತ್ತು ಕ್ಲಿನಿಕ್ಕಲ್ಲಿ ಮುನ್ನೂರು ಗ್ರಾಂ ಜಾಸ್ತಿ ತೂಗಿದ್ದಾಳೆ. ಅವಳ ರೂಮು ಕೆರೆ ದಡದಲ್ಲಿದೆ. ನಿಮಗೇ ಗೊತ್ತಿಲ್ಲ, ನೀವು ಮಲಗಿರ್ತೀರಿ."

ಇವರು ಅಮ್ಮನ ಕಡೆ ನೋಡಿದರು. ನಾನೂ ನೋಡಿದೆ. ಅತ್ತೆ ಮಿಷನ್ ನಿಲ್ಲಿಸಿ ದಾರ ಕಡಿದರು. "ನನಗೆ ನಾಲ್ಕಡಿ ಬೇಕು ಕಣೋ. ಇಪ್ಪತ್ತು ವರ್ಷದಿಂದ ಅಡುಗೆಮನೆ ಮೂಲೇಲಿ ಹೊಲೀತಿದೀನಿ, ಒಗ್ಗರಣೆ ಹೊಗೆಗೆ ಬಟ್ಟೆಯೆಲ್ಲ ಘಾಟು. ಆದರೆ ಆ ಎಣಿಸೋನು ತೂಕಡಿಸಿದ್ದನ್ನ ನಾನೇ ಕಂಡಿದೀನಿ. ಸುಳ್ಳು ಲೆಕ್ಕದ ನಾಲ್ಕಡಿ ಬೇಡ. ಅದರಲ್ಲಿ ಕೂತು ಹೊಲಿದ್ರೆ ಹೊಲಿಗೆ ನೆಟ್ಟಗೆ ಬರಲ್ಲ."

ಆಮೇಲೆ ನನಗೆ, "ಆ ಪುಸ್ತಕ ಹುಷಾರಾಗಿಡು" ಎಂದರು.

ಮಾರ್ಚ್ 6, ಶುಕ್ರವಾರ

ಪಾಲಿಕೆಯ ಕಚೇರಿ. ಪುಟ್ಟಿಯನ್ನು ಅತ್ತೆಗೆ ಬಿಟ್ಟು ಮೊದಲ ಸಲ ಒಬ್ಬಳೇ ಹೊರಗೆ ಹೋಗಿದ್ದು. ಗುಮಾಸ್ತರು ಕನ್ನಡಕದ ಮೇಲಿಂದ ನೋಡಿದರು.

"ದೂರು ಕೊಡೋಕೆ ಫಾರಂ ಇದೆಯಮ್ಮ. ವಾಪಸ್ ತಗೊಳೋಕೆ ಫಾರಂ ಇಲ್ಲ."

"ನನ್ನ ಎಣಿಕೆ ಇದೆ. ನೋಡಿ, ನಿಮಿಷ ಸಮೇತ."

ಅವರು ತಿರುವಿದರು. ಕಣ್ಣು ಬಲಪುಟಕ್ಕೆ ಹೋಯಿತು. "ಎಡ, ಹನ್ನೆರಡು ನಿಮಿಷ... ಇದೇನಮ್ಮ?" ಅರ್ಥವಾದ ಕೂಡಲೇ ಕಿವಿಯವರೆಗೂ ಕೆಂಪಾಗಿ ಪುಸ್ತಕ ಮುಚ್ಚಿ ಕೈಗೆ ಕೊಟ್ಟರು. ನಾನು ನಾಚಿಕೊಳ್ಳಲಿಲ್ಲ. ಅದೇ ನನಗೆ ಆಶ್ಚರ್ಯ. "ಮಗು ಹಾಲು ಕುಡಿದ ಹೊತ್ತು ಸರ್. ಅದಕ್ಕೇ ಈ ಎಣಿಕೆಯಲ್ಲಿ ತಪ್ಪಿಲ್ಲ" ಎಂದೆ.

ಸ್ವಲ್ಪ ಮೆತ್ತಗಾದರು. ಸಾರ್ವಜನಿಕರ ಎಣಿಕೆ ಕಡತಕ್ಕೆ ಸೇರುವುದಿಲ್ಲವಂತೆ. ವಾರ್ಡಿನ ಕಾರ್ಪೊರೇಟರ್ ಸ್ವತಃ ನೋಡಿ, ಸಭೆಗೆ ಮುಂಚೆ ಎಂಟು ಗಂಟೆಯೊಳಗೆ ಚೀಟಿ ಕೊಟ್ಟರೆ ಮಾತ್ರ ತೀರ್ಮಾನವನ್ನು ಮುಂದೂಡಿ ಹೊಸದಾಗಿ ಎಣಿಸುತ್ತಾರಂತೆ.

ಅಲ್ಲಿಂದ ಕಾರ್ಪೊರೇಟರ್ ಮನೆಗೆ ಹೋದೆ. ಮೇಡಂ ಊರಲ್ಲಿಲ್ಲ. ಸೋಮವಾರ ರಾತ್ರಿ ಹತ್ತಕ್ಕೆ ಬರುತ್ತಾರಂತೆ. ಅವರ ತಾಯಿ ಬಾಗಿಲಲ್ಲೇ, "ಏನಿದ್ರೂ ಬರೆದು ಕೊಡಮ್ಮ, ಅವಳ ಕೈಗೇ ಕೊಡ್ತೀನಿ. ಎಷ್ಟೊತ್ತಾದ್ರೂ ಓದದೆ ಮಲಗೋಳಲ್ಲ" ಎಂದರು.

ಮಾರ್ಚ್ 9, ಸೋಮವಾರ, ಸಂಜೆ ಏಳೂವರೆ

ಕಾರ್ಪೊರೇಟರ್ ಮೇಡಂ,

ಮೂರು ಸಲ ಮನವಿ ಬರೆದು ಹರಿದೆ. ನನ್ನ ಚೆಂದದ ವಾಕ್ಯಗಳಿಂದ ಈಗಾಗಲೇ ಒಂದು ಓಣಿ ಹೋಗುವ ಹಾಗಾಗಿದೆ. ಅದಕ್ಕೇ ಈ ಪುಸ್ತಕವನ್ನೇ ಕಳಿಸುತ್ತಿದ್ದೇನೆ. ಇದು ಯಾರೂ ಓದಬಾರದೆಂದು ಬರೆದದ್ದು, ಆದ್ದರಿಂದ ಇದರಲ್ಲಿ ಸುಳ್ಳಿಲ್ಲ. ಮೊದಲಿಂದ ಓದಿ. ಓಣಿಯವರನ್ನು ಕಳ್ಳರೆಂದದ್ದೂ ಇದೆ, ನನ್ನ ಭಯವೂ ಇದೆ. ಫೆಬ್ರವರಿ ಎಂಟರಂದು ಅತ್ತೆಯ ನಾಲಿಗೆಯ ಬಗ್ಗೆ ಬರೆದದ್ದನ್ನು ಹರಿಯೋಣವೆಂದುಕೊಂಡೆ. ಹಾಳೆ ಹರಿದರೆ ಹಿಂಬದಿಯ ಹಾಲಿನ ಲೆಕ್ಕವೂ ಹೋಗುತ್ತದೆ. ಇರಲಿ. ಅತ್ತೆಗೆ ಓದಿ ಹೇಳಿಬಿಟ್ಟೆ. "ಹೊಲಿಗೆ ಬಿಚ್ಚೋಕೂ ನನಗೆ ಬರುತ್ತೆ ಅಂತ ಬರಿ" ಎಂದರು. ಬರೆದಿದ್ದೇನೆ.

ನಿಮ್ಮ ನೋಟೀಸಿನ ಮೂರನೆಯ ಸಾಲು ನನ್ನದು. ಚೆನ್ನಾಗಿದೆ, ಆದರೆ ನಿಜವಲ್ಲ. ನಾಲ್ಕನೆಯ ಸಾಲಿನ ಸೊನ್ನೆ ನಿಮ್ಮವರದು. ನನ್ನದು ಹೀಗಿದೆ: ಮೂವತ್ತೊಂದು ಬೆಳಿಗ್ಗೆ, ಆರುನೂರ ಐವತ್ತೆರಡು ಜನ. ಪದವಿಗೆ ಬಂದ ಅಂಕಗಳ ಬಗ್ಗೆ ನನಗೆ ಇಷ್ಟು ಹೆಮ್ಮೆಯಾಗಿರಲಿಲ್ಲ. ಇದರ ಒಂದೊಂದು ಅಂಕೆಯನ್ನೂ ಮಗುವನ್ನು ಎದೆಗವಚಿಕೊಂಡು, ಗಡಿಯಾರ ನೋಡಿ ಬರೆದಿದ್ದೇನೆ.

ನೀವು ಇದನ್ನು ನಂಬಬೇಡಿ. ಬಂದು ನೋಡಿ. ಆದರೆ ಏಳಕ್ಕೆ ಬಂದರೆ ಎಣಿಸುವವನಿಗೆ ಕಂಡದ್ದೇ ನಿಮಗೂ ಕಾಣುತ್ತದೆ, ಖಾಲಿ ಓಣಿ, ಒಂದು ನಾಯಿ. ಈ ಓಣಿಯಲ್ಲಿ ನಡೆಯುವವರು ಊರು ಏಳುವ ಮೊದಲೇ ನಡೆದು ಮುಗಿಸುತ್ತಾರೆ. 4:45ಕ್ಕೆ ಮೊದಲ ಹೆಜ್ಜೆ. ಅದಕ್ಕೆ ಮುಂಚೆ ಕಂಬದ ಬಳಿ ನನ್ನ ಪಕ್ಕ ನಿಂತು ನೀವೇ ಎಣಿಸಿ. ಎಂಟರೊಳಗೆ ಚೀಟಿ ಕೊಡಲು ಬೇಕಾದಷ್ಟು ಹೊತ್ತಿರುತ್ತದೆ. ಕಡಿಮೆ ಬಂದರೆ ನಾನೇ ಸಭೆಗೆ ಬಂದು, ಈ ಹೆಂಗಸಿಗೆ ಎಣಿಸಲು ಬರುವುದಿಲ್ಲವೆಂದು ಹೇಳುತ್ತೇನೆ.

ಪುಸ್ತಕ ವಾಪಸ್ ಬೇಕು, ಗುರುವಾರ ಕ್ಲಿನಿಕ್ ಇದೆ. ಈ ರಾತ್ರಿಯ ಹಾಲಿನ ಲೆಕ್ಕ ಗೋಡೆಯ ಕ್ಯಾಲೆಂಡರಿನ ಮೇಲೆ ಬರೆಯುತ್ತೇನೆ. ನಾಲ್ಕಡಿ ಅಳೆದ ನನ್ನ ಗಂಡ ಹೆಲ್ಮೆಟ್ ಹಾಕಿಕೊಂಡು ಬಾಗಿಲಲ್ಲಿ ನಿಂತು, "ಮುಗೀತಾ? ಬೇಗ ಕೊಡೇ" ಎನ್ನುತ್ತಿದ್ದಾರೆ. ಇದನ್ನು ತರುವವರು ಅವರೇ. ಬೆಳಿಗ್ಗೆ ನಾಲ್ಕೂವರೆಗೆ ತಾವೂ ಏಳುತ್ತಾರಂತೆ. ಅದನ್ನಂತೂ ನೀವು ಬಂದು ನೋಡಲೇಬೇಕು.

ನನ್ನ ನಂಬರು ಮೊದಲ ಪುಟದಲ್ಲಿ, ಮಗುವಿನ ಹೆಸರಿನ ಕೆಳಗಿದೆ. ಹನ್ನೆರಡಕ್ಕೆ ಓದಿ ಮುಗಿದರೆ ಹನ್ನೆರಡಕ್ಕೆ, ಮೂರಕ್ಕೆ ಮುಗಿದರೆ ಮೂರಕ್ಕೆ. ಎಷ್ಟೊತ್ತಿಗೆ ಮಾಡಿದರೂ ನಾನು ಎದ್ದಿರುತ್ತೇನೆ. ಮಗು ಹುಟ್ಟಿದಂದಿನಿಂದ ನನ್ನ ಫೋನಿಗೆ ಸದ್ದಿಲ್ಲ. ಈಗ ಅದನ್ನು ಪೂರ್ತಿ ಜೋರು ಮಾಡಿ ತೊಟ್ಟಿಲ ಪಕ್ಕದಲ್ಲೇ ಇಟ್ಟಿದ್ದೇನೆ. ಪುಟ್ಟಿ ಎದ್ದರೆ ಏಳಲಿ. ಬೆಳಕು ಹರಿಯುವ ಮುಂಚೆ ಫೋನ್ ಮಾಡಿ ಮೇಡಂ. ದಯವಿಟ್ಟು, ಬೆಳಕು ಹರಿಯುವ ಮುಂಚೆ.